ಒಗೆಯುವ ಕಲ್ಲು

ಮಕ್ಕಳಿಗೆ ತಾಯಿತಂದೆಗಳು ಹೆಸರಿಡುತ್ತಾರೆ. ಬಡಾವಣೆಗಳಿಗೆ ಸರ್ಕಾರ ಹೆಸರಿಡುತ್ತದೆ. ಆದರೆ ಹಳ್ಳಿಗಳಿಗೆ ಹೆಸರಿಟ್ಟವರು ಯಾರು? ಯಾವ ಸಭೆಯೂ ಸೇರಿ ಅವುಗಳಿಗೆ ಹೆಸರಿಡಲಿಲ್ಲ. ಅಲ್ಲಿಯ ಕೆರೆಯೋ ಮರವೋ ದೇವರೋ ಕಸುಬೋ ಜನರ ನಾಲಗೆಯ ಮೇಲೆ ನೆಲೆಸಿ, ತಲೆಮಾರುಗಳು ಕಳೆದಂತೆ ಊರಿನ ಹೆಸರಾಗಿ ಉಳಿಯಿತು. ಆದುದರಿಂದಲೇ ಹಳ್ಳಿಯ ಹೆಸರೆಂಬುದು ಒಂದು ಪುಟ್ಟ ಇತಿಹಾಸ. ಓದಬಲ್ಲವರಿಗೆ ಅದು ಶಾಸನದಷ್ಟೇ ಬೆಲೆಯುಳ್ಳದ್ದು.

ಬೆಂಗಳೂರಿನ ದಕ್ಷಿಣ ಭಾಗದಲ್ಲಿ ಬಿ.ಟಿ.ಎಂ. ಬಡಾವಣೆಯೆಂಬ ಪ್ರದೇಶವಿದೆ. ಅಲ್ಲಿಯ ಶಾಲೆಯೊಂದರಲ್ಲಿ ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದ ಹುಡುಗಿಗೆ, ‘ನಮ್ಮ ಊರಿನ ಇತಿಹಾಸ’ ಎಂಬ ವಿಷಯದ ಮೇಲೆ ಪ್ರಬಂಧ ಬರೆದು ತರುವಂತೆ ಉಪಾಧ್ಯಾಯರು ಹೇಳಿದರು. ಹುಡುಗಿ ಮನೆಗೆ ಬಂದು, ಬರೆಯಲು ಕುಳಿತು, ಒಂದು ಸಾಲನ್ನೂ ಬರೆಯಲಾರದೆ ಎದ್ದಳು. ಹಂಪೆಯಲ್ಲಿ ಹುಟ್ಟಿದವರಿಗೆ, ಬಾದಾಮಿಯಲ್ಲಿ ಹುಟ್ಟಿದವರಿಗೆ ಬರೆಯಲು ಬೇಕಾದಷ್ಟಿದೆ, ತನ್ನ ಊರಿನಲ್ಲೇನಿದೆ? ಅಂಗಡಿಗಳು, ವಾಹನಗಳು, ಒಂದರ ಮೇಲೊಂದು ಏರಿದ ಮನೆಗಳು. ಅವಳು ತನ್ನ ಸಂಕಟವನ್ನು ತಾತನ ಮುಂದೆ ತೋಡಿಕೊಂಡಳು.

“ತಾತ, ನಮ್ಮ ಊರಿಗೆ ಇತಿಹಾಸವೇ ಇಲ್ಲವಲ್ಲ! ಹೆಸರು ಕೂಡ ಮೂರು ಇಂಗ್ಲಿಷ್ ಅಕ್ಷರ.”

ತಾತ ನಕ್ಕರು. “ಆ ಮೂರು ಅಕ್ಷರಗಳನ್ನು ಬಿಡಿಸಿ ಹೇಳಮ್ಮ, ನೋಡೋಣ” ಎಂದರು.

ಹುಡುಗಿಗೆ ತಿಳಿಯದು. ಬಿ.ಟಿ.ಎಂ. ಎಂದರೆ ಭೈರಸಂದ್ರ, ತಾವರೆಕೆರೆ, ಮಡಿವಾಳ. ಮೂರು ಹಳ್ಳಿಗಳ ನೆಲದ ಮೇಲೆ ಬಡಾವಣೆ ಎದ್ದಿತು. ಮೂರು ಹೆಸರುಗಳ ತಲೆಯಕ್ಷರಗಳಷ್ಟೇ ನಾಮಫಲಕದ ಮೇಲೆ ಉಳಿದವು. ಆ ತಾತ ಹುಟ್ಟಿದ್ದು ತಾವರೆಕೆರೆಯಲ್ಲಿ. ಅವರು ಊರು ಬಿಟ್ಟು ಎಲ್ಲಿಗೂ ಹೋದವರಲ್ಲ. ಊರೇ ಅವರ ಕಣ್ಣೆದುರಿನಲ್ಲಿ ಅವರನ್ನು ಬಿಟ್ಟುಹೋಗಿತ್ತು.

ಈ ಹೆಸರುಗಳನ್ನು ಸ್ವಲ್ಪ ಪರಿಶೀಲಿಸಬೇಕು. ತಾವರೆಕೆರೆಯ ಅರ್ಥವನ್ನು ಯಾರೂ ವಿವರಿಸಬೇಕಾಗಿಲ್ಲ. ಭೈರಸಂದ್ರದ ಕೊನೆಯಲ್ಲಿರುವ ‘ಸಂದ್ರ’ವು ‘ಸಮುದ್ರ’ ಎಂಬುದರ ಆಡುರೂಪ. ನಮ್ಮ ಹಿರಿಯರು ತಾವು ಕಟ್ಟಿದ ಕೆರೆಗಳನ್ನು ಸಮುದ್ರವೆಂದೇ ಕರೆದರು. ಅದು ಬರಿಯ ಹೊಗಳಿಕೆಯಲ್ಲ. ಹೊಳೆಯಿಲ್ಲದ ಸೀಮೆಯಲ್ಲಿ, ಮಳೆಯೊಂದನ್ನೇ ನಂಬಿ ಬದುಕುವ ರೈತನಿಗೆ ತುಂಬಿದ ಕೆರೆಗಿಂತ ದೊಡ್ಡ ಸಮುದ್ರ ಬೇರೆ ಯಾವುದಿದ್ದೀತು! ಇನ್ನು ಮಡಿವಾಳವೆಂಬುದು ಬಟ್ಟೆಗಳನ್ನು ಒಗೆದು ಮಡಿ ಮಾಡುವವರನ್ನು ನೆನಪಿಗೆ ತರುವ ಹೆಸರು. ನೀರು, ದೈವ, ದುಡಿಮೆ ಈ ಮೂರನ್ನೂ ಆ ಮೂರು ಇಂಗ್ಲಿಷ್ ಅಕ್ಷರಗಳು ತಮ್ಮ ಒಡಲೊಳಗೆ ಬಚ್ಚಿಟ್ಟುಕೊಂಡಿವೆ.

ಬೆಂಗಳೂರು ನಗರ ದಕ್ಷಿಣಕ್ಕೆ ಬೆಳೆದ ಬಗೆಯೂ ತಿಳಿಯತಕ್ಕದ್ದೇ. ಕೆಂಪೇಗೌಡರು ೧೫೩೭ರಲ್ಲಿ ಕಟ್ಟಿದರೆನ್ನಲಾದ ಪೇಟೆಯಿಂದ ಲಾಲ್‌ಬಾಗಿನ ಬಂಡೆಯ ಮೇಲಿರುವ ಗೋಪುರ ಹೆಚ್ಚು ದೂರವಿಲ್ಲ. ಆ ಬಂಡೆಯಾದರೋ ಸುಮಾರು ಮುನ್ನೂರು ಕೋಟಿ ವರ್ಷಗಳಷ್ಟು ಹಳೆಯದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಊರಿಗೆ ಪ್ಲೇಗು ಬಡಿದಾಗ, ಗಾಳಿ ಬೆಳಕುಗಳುಳ್ಳ ಹೊಸ ಬಡಾವಣೆಗಳು ಬೇಕೆಂದು ಬಸವನಗುಡಿಯನ್ನು ನಿರ್ಮಿಸಿದರು. ಸ್ವಾತಂತ್ರ್ಯ ಬಂದ ಮರುವರ್ಷ, ೧೯೪೮ರಲ್ಲಿ, ಅಂದಿನ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿಯವರು ಜಯನಗರಕ್ಕೆ ಅಡಿಗಲ್ಲನ್ನಿಟ್ಟರು. ನಾಲ್ಕು ಸಿಂಹಗಳನ್ನು ಹೊತ್ತ ಅಶೋಕಸ್ತಂಭವು ಇಂದಿಗೂ ಅದರ ಗುರುತಾಗಿ ನಿಂತಿದೆ. ಅದುವರೆಗೆ ನಗರದ ದಕ್ಷಿಣದ ತುದಿಯೆಂದು ಎಣಿಸಲಾಗಿದ್ದ ಸ್ಥಳವನ್ನು ಜನ ಈಗಲೂ ‘ಸೌತ್ ಎಂಡ್’ ಎಂದೇ ಕರೆಯುತ್ತಾರೆ; ಆದರೆ ನಗರ ಆ ತುದಿಯನ್ನು ದಾಟಿ ಎಷ್ಟೋ ಮೈಲಿ ಮುಂದೆ ಸಾಗಿಹೋಗಿದೆ. ಅನಂತರ ಬನಶಂಕರಿ, ಜಯಪ್ರಕಾಶ ನಾರಾಯಣರ ಹೆಸರಿನ ಜೆ.ಪಿ. ನಗರ ಮೊದಲಾದುವು ಎದ್ದವು. ಯಡಿಯೂರು, ಸಾರಕ್ಕಿ, ಪುಟ್ಟೇನಹಳ್ಳಿ, ಜರಗನಹಳ್ಳಿ, ಬಿಳೇಕಹಳ್ಳಿ ಮುಂತಾದ ಹಳ್ಳಿಗಳು ಬಡಾವಣೆಗಳ ನಡುವೆ ಸಿಕ್ಕಿಕೊಂಡವು. ನೇರವಾಗಿ ಬಂದ ಅಗಲವಾದ ರಸ್ತೆ ಎಲ್ಲಿ ಥಟ್ಟನೆ ಕಿರಿದಾಗಿ, ಡೊಂಕಾಗಿ, ಅರಳೀಕಟ್ಟೆಯೊಂದನ್ನು ಸುತ್ತಿಕೊಂಡು ಹೋಗುವುದೋ ಅಲ್ಲಿ ಹಳ್ಳಿಯೊಂದು ಇನ್ನೂ ಉಸಿರಾಡುತ್ತಿದೆಯೆಂದು ತಿಳಿಯಬೇಕು.

“ಭಾನುವಾರ ನನ್ನ ಜೊತೆ ಬಾ. ಇತಿಹಾಸ ಇದೆಯೋ ಇಲ್ಲವೋ ಕಾಲ್ನಡಿಗೆಯಲ್ಲೇ ನೋಡಿಬರೋಣ” ಎಂದರು ತಾತ.

ಮೊದಲು ಅವರು ಹೋದದ್ದು ಹಳೆಯ ಮಡಿವಾಳದ ಸೋಮೇಶ್ವರ ದೇವಾಲಯಕ್ಕೆ. ಹೊಸೂರು ರಸ್ತೆಯ ಗದ್ದಲದಿಂದ ನಾಲ್ಕು ಹೆಜ್ಜೆ ಒಳಗೆ ಬಂದರೆ ಅಲ್ಲಿ ಬೇರೊಂದು ಕಾಲ. ದೇವಾಲಯದ ಹೊರಗೋಡೆಯ ಕಲ್ಲುಗಳ ಮೇಲೆ ಸಾಲುಸಾಲಾಗಿ ಅಕ್ಷರಗಳಿವೆ. ಹುಡುಗಿ ಬೆರಳಿಟ್ಟು ಓದಲು ಹೋದಳು, ಒಂದಕ್ಷರವೂ ತಿಳಿಯಲಿಲ್ಲ. ಅವು ತಮಿಳು ಶಾಸನಗಳು. ಹನ್ನೊಂದನೆಯ ಶತಮಾನದ ಆರಂಭದಲ್ಲಿ ಚೋಳರು ಗಂಗರನ್ನು ಸೋಲಿಸಿ ಈ ಸೀಮೆಯನ್ನು ಆಕ್ರಮಿಸಿಕೊಂಡರು. ಅಂದಿನಿಂದ ಇಲ್ಲಿ ತಮಿಳಿನಲ್ಲಿ ಶಾಸನಗಳನ್ನು ಬರೆಯಿಸುವ ಪದ್ಧತಿ ಬೇರೂರಿ, ಮುಂದೆ ಹೊಯ್ಸಳರ ಆಳ್ವಿಕೆ ಬಂದ ಮೇಲೂ ಉಳಿಯಿತು. ಮಡಿವಾಳದ ಶಾಸನಗಳಲ್ಲೊಂದು ೧೨೪೭ರದು. ವೇಪ್ಪೂರಿನ, ಎಂದರೆ ಇಂದಿನ ಬೇಗೂರಿನ, ನಿವಾಸಿಗಳು ಭೂಮಿಯನ್ನು ದತ್ತಿಯಾಗಿ ಬಿಟ್ಟುದನ್ನು ಅದು ತಿಳಿಸುತ್ತದೆ. ಹೊಯ್ಸಳ ಮೂರನೆಯ ಬಲ್ಲಾಳನ ಕಾಲದ ಇನ್ನೊಂದು ಶಾಸನದಲ್ಲಿ ‘ವೆಂಗಳೂರಿನ ದೊಡ್ಡ ಕೆರೆ’ಯ ಕೆಳಗಿನ ಭೂಮಿಯ ಮಾತು ಬರುತ್ತದೆ. ೧೩೬೫ರ ಶಾಸನವೊಂದು ‘ತಾಮರೈಕ್ಕರೆ’ಯ ಭೂಮಿಯನ್ನು ಹೆಸರಿಸುತ್ತದೆ.

“ತಾಮರೈ ಅಂದರೆ ತಾವರೆ” ಎಂದರು ತಾತ.

ಹುಡುಗಿ ಗೋಡೆಯನ್ನೂ ತಾತನನ್ನೂ ಬದಲಿಸಿ ಬದಲಿಸಿ ನೋಡಿದಳು. ಆರುನೂರೈವತ್ತು ವರ್ಷಗಳ ಹಿಂದೆ ಯಾರೋ ಕಲ್ಲುಕುಟಿಗ ಉಳಿ ಹಿಡಿದು ಕುಳಿತು ಬರೆದದ್ದು ಅವಳ ಮನೆಯ ವಿಳಾಸ! ಇಂದು ಆ ಬೀದಿಗಳಲ್ಲಿ ತಾವರೆಯನ್ನು ಹುಡುಕಿದರೆ ಸಿಗಲಾರದು. ಹೂ ಬಾಡಿತು, ಹೆಸರು ಮಾತ್ರ ಬಾಡಲಿಲ್ಲ.

ಅಲ್ಲಿಂದ ಅವರು ಅಗರಕ್ಕೆ ಹೋಗಿ ಕೆರೆಯ ಏರಿಯ ಮೇಲೆ ಸ್ವಲ್ಪ ಹೊತ್ತು ಕುಳಿತರು. ಅಗರದಲ್ಲಿಯೂ ಒಂದು ಶಾಸನ ದೊರೆತಿದೆ. ಅದರ ಕಾಲ ಕ್ರಿ.ಶ. ಸುಮಾರು ೮೭೦. ಸಿರಿಮಯ್ಯನ ಮಗನಾದ ಇರುಗಮಯ್ಯನೆಂಬವನು ಎರಡು ಕೆರೆಗಳಿಗೆ ತೂಬುಗಳನ್ನಿಡಿಸಿ, ಇನ್ನೊಂದು ಕೆರೆಯನ್ನು ಕಟ್ಟಿಸಿದನೆಂದು ಅದು ಹೇಳುತ್ತದೆ. ಸಾವಿರದ ನೂರೈವತ್ತು ವರ್ಷಗಳ ಹಿಂದಿನ ಮಾತು ಇದು. ಆ ಇರುಗಮಯ್ಯ ಯಾವ ದೇಶವನ್ನೂ ಗೆದ್ದವನಲ್ಲ. ಆದರೂ ಕಲ್ಲು ಅವನ ಹೆಸರನ್ನು ಕಾಪಾಡಿತು. ಕೆರೆಗೆ ತೂಬನ್ನಿಡುವುದು ಯುದ್ಧವನ್ನು ಗೆಲ್ಲುವಷ್ಟೇ ಸ್ಮರಣೀಯವೆಂದು ಆ ಕಾಲದವರು ಬಗೆದಿದ್ದರು.

ಕೆರೆಗಳ ಈ ವ್ಯವಸ್ಥೆ ಬಹು ಜಾಣ್ಮೆಯದು. ಬೆಂಗಳೂರು ಎತ್ತರದ ದಿಣ್ಣೆಗಳ ಮೇಲಿರುವ ಊರು. ಮಳೆಯ ನೀರು ಇಳಿಜಾರುಗಳಲ್ಲಿ ಹರಿದುಹೋಗುತ್ತದೆ. ಆ ಇಳಿಜಾರಿಗೆ ಅಡ್ಡಲಾಗಿ ಮಣ್ಣಿನ ಏರಿಯನ್ನು ಹಾಕಿ, ನೀರು ಬಡಿಯುವ ಮಗ್ಗುಲಿಗೆ ಕಲ್ಲು ಕಟ್ಟಿ, ಗದ್ದೆಗಳಿಗೆ ನೀರು ಬಿಡಲು ತೂಬನ್ನೂ, ಹೆಚ್ಚಾದ ನೀರು ಹೊರಹೋಗಲು ಕೋಡಿಯನ್ನೂ ಮಾಡುತ್ತಿದ್ದರು. ಮೇಲಿನ ಕೆರೆಯ ಕೋಡಿಯ ನೀರು ಕಾಲುವೆಯಲ್ಲಿ ಹರಿದು ಕೆಳಗಿನ ಕೆರೆಯನ್ನು ಸೇರುತ್ತಿತ್ತು. ಹೀಗೆ ಮಡಿವಾಳದ ನೀರು ಅಗರಕ್ಕೆ, ಅಗರದ ನೀರು ಬೆಳ್ಳಂದೂರಿಗೆ, ಅಲ್ಲಿಂದ ವರ್ತೂರಿಗೆ, ಕೊನೆಗೆ ದಕ್ಷಿಣ ಪಿನಾಕಿನಿಗೆ. ಒಂದು ಕೊಂಡಿ ಕಳಚಿದರೆ ಸರಪಣಿಯೇ ಕೆಡುತ್ತದೆ. ನಗರದ ನಡುವಣ ಧರ್ಮಾಂಬುಧಿ ಕೆರೆ ಬಸ್ಸು ನಿಲ್ದಾಣವಾಯಿತು. ಸಂಪಂಗಿ ಕೆರೆಯಲ್ಲಿ ಕ್ರೀಡಾಂಗಣ ಎದ್ದಿತು. ಇಂದು ಒಂದು ದೊಡ್ಡ ಮಳೆ ಬಂದರೆ ತಗ್ಗಿನ ಬೀದಿಗಳಲ್ಲಿ ನೀರು ನಿಲ್ಲುವುದೇಕೆಂದು ಕೇಳುವವರು, ಆ ನೀರು ತನ್ನ ಹಳೆಯ ಮನೆಯನ್ನು ಹುಡುಕಿಕೊಂಡು ಬರುತ್ತಿದೆಯೆಂಬುದನ್ನು ಮರೆಯಬಾರದು.

ಅಂದಿನ ಪ್ರಯಾಣದ ಕೊನೆಯ ಸ್ಥಳ ಬೇಗೂರು. ಬೊಮ್ಮನಹಳ್ಳಿಯಿಂದ ಬಸ್ಸು ಹತ್ತಿ ಅವರು ಅಲ್ಲಿಗೆ ಹೋದರು. ಕೆರೆಯ ಹತ್ತಿರದ ನಾಗೇಶ್ವರ ದೇವಾಲಯಕ್ಕೆ ಈಚಿನ ಕಾಲದ ಎತ್ತರವಾದ ಗೋಪುರಗಳಿವೆ. ದೂರದಿಂದ ನೋಡಿದವರಿಗೆ ಅದು ಹೊಸ ಗುಡಿಯೆಂದೇ ತೋರಬಹುದು. ಆದರೆ ಒಳಗೆ ಪಂಚಲಿಂಗಗಳ ಗುಡಿಗಳಲ್ಲಿ ಎರಡು, ತಲಕಾಡಿನ ಗಂಗರ ಕಾಲದವು. ಒಂಬತ್ತು ಮತ್ತು ಹತ್ತನೆಯ ಶತಮಾನಗಳ ಕೆಲಸ. ಉಳಿದವು ಅನಂತರದ ಚೋಳರ ಕಾಲದವೆಂದು ವಿದ್ವಾಂಸರ ಮತ. ತಲೆಯೆತ್ತಿ ನೋಡಿದರೆ ಚಾವಣಿಯ ಕಲ್ಲಿನಲ್ಲಿ ಎಂಟು ದಿಕ್ಕುಗಳ ಪಾಲಕರು, ನಡುವೆ ಉಮಾಮಹೇಶ್ವರ. ಹಳೇಬೀಡಿನ ಕುಸುರಿ ಇಲ್ಲಿಲ್ಲ. ಇಲ್ಲಿರುವುದು ಅದಕ್ಕೂ ಮುಂಚಿನ ಸರಳತೆ, ಗಟ್ಟಿತನ. ಊರಿನ ಸುತ್ತ ಒಂದು ಮಣ್ಣಿನ ಕೋಟೆಯೂ ಇತ್ತು. ಅದರ ಕುರುಹುಗಳು ಈಗಲೂ ಕಾಣುತ್ತವೆ.

ಈ ದೇವಾಲಯದ ಆವರಣದಲ್ಲಿರುವ ಒಂದು ಕಲ್ಲು ಬೆಂಗಳೂರಿನ ಪಾಲಿಗೆ ಎಲ್ಲ ಗೋಪುರಗಳಿಗಿಂತ ಎತ್ತರವಾದದ್ದು. ಅದರ ಮೇಲೆ ಹಳಗನ್ನಡದಲ್ಲಿ ಕೆಲವೇ ಸಾಲುಗಳಿವೆ. ಕಾಲ ಕ್ರಿ.ಶ. ಸುಮಾರು ೮೯೦. ಗಂಗರ ಅಧೀನನಾಗಿ ಈ ಸೀಮೆಯನ್ನಾಳುತ್ತಿದ್ದ ನಾಗತ್ತರನ ಕಡೆಯವನಾದ ಬುಟ್ಟಣಸೆಟ್ಟಿಯು ಬೆಂಗಳೂರಿನ ಕಾಳಗದಲ್ಲಿ ಮಡಿದನೆಂಬುದು ಅದರ ಸಾರಾಂಶ. ಆ ಕಾಳಗ ಯಾರ ನಡುವೆ ನಡೆಯಿತು, ಗೆದ್ದವರು ಯಾರು ಎಂಬುದನ್ನು ಕಲ್ಲು ಹೇಳುವುದಿಲ್ಲ. ಆದರೆ ‘ಬೆಂಗಳೂರು’ ಎಂಬ ಹೆಸರು ಅಂದೇ ಇತ್ತೆಂಬುದನ್ನು ನಿಸ್ಸಂದೇಹವಾಗಿ ಹೇಳುತ್ತದೆ. ಹೊಯ್ಸಳ ಬಲ್ಲಾಳರಾಯನು ಕಾಡಿನಲ್ಲಿ ದಾರಿ ತಪ್ಪಿ ಹಸಿದಾಗ ಮುದುಕಿಯೊಬ್ಬಳು ಬೆಂದ ಕಾಳುಗಳನ್ನಿತ್ತಳೆಂದೂ, ಅದರಿಂದ ‘ಬೆಂದಕಾಳೂರು’ ಎಂಬ ಹೆಸರು ಬಂದಿತೆಂದೂ ಒಂದು ಕಥೆ ಬಳಕೆಯಲ್ಲಿದೆ. ಕಥೆ ಸೊಗಸಾದದ್ದೇ. ಆದರೆ ಮೊದಲ ಬಲ್ಲಾಳ ಹುಟ್ಟುವುದಕ್ಕೂ ಎಷ್ಟೋ ಮುಂಚೆ ಈ ಕಲ್ಲನ್ನು ನೆಟ್ಟಾಗಿತ್ತು. ಕೆಂಪೇಗೌಡರ ಪೇಟೆಗಿಂತಲೂ ಇದು ಆರುನೂರು ವರ್ಷಗಳಿಗೂ ಮಿಕ್ಕಿ ಹಳೆಯದು. ಒಂದು ಕಲ್ಲು ಮಾತನಾಡಿದರೆ ನೂರು ಊಹೆಗಳು ಸುಮ್ಮನಾಗಬೇಕಾಗುತ್ತದೆ.

ಇಂಥ ಕಲ್ಲುಗಳ ಮಾತನ್ನು ನಮಗೆ ಕೇಳಿಸಿದವರ ಶ್ರಮ ಸಾಮಾನ್ಯವಾದದ್ದಲ್ಲ. ಬೆಂಗಳೂರಿನಲ್ಲಿಯೇ ೧೮೩೭ರಲ್ಲಿ ಹುಟ್ಟಿದ ಬಿ.ಎಲ್. ರೈಸ್ ಅವರು ಮೈಸೂರು ಸಂಸ್ಥಾನದ ಹಳ್ಳಿಹಳ್ಳಿಗಳ ಶಾಸನಗಳನ್ನು ಸಂಗ್ರಹಿಸಿ ‘ಎಪಿಗ್ರಾಫಿಯಾ ಕರ್ನಾಟಿಕಾ’ ಎಂಬ ಸಂಪುಟಗಳನ್ನು ಹೊರತಂದರು. ಬೆಂಗಳೂರು ಜಿಲ್ಲೆಯ ಸಂಪುಟ ೧೯೦೫ರಲ್ಲಿ ಪ್ರಕಟವಾಯಿತು. ಅನಂತರ ಆರ್. ನರಸಿಂಹಾಚಾರ್ಯರು ಆ ಕೆಲಸವನ್ನು ಮುಂದುವರಿಸಿದರು. ಶಾಸನದ ಪ್ರತಿ ತೆಗೆಯುವ ಕ್ರಮ ಹೀಗಿದೆ: ಕಲ್ಲನ್ನು ತೊಳೆದು, ಒದ್ದೆ ಕಾಗದವನ್ನು ಅದರ ಮೇಲೆ ಹರಡಿ, ಕುಂಚದಿಂದ ಮೆಲ್ಲಮೆಲ್ಲನೆ ಬಡಿದು ಕಾಗದವನ್ನು ಅಕ್ಷರಗಳ ಹಳ್ಳಗಳೊಳಕ್ಕೆ ಇಳಿಸುತ್ತಾರೆ. ಮೇಲೆ ಮಸಿಯನ್ನು ಒತ್ತಿದಾಗ ನೆಲ ಕಪ್ಪಾಗಿ ಅಕ್ಷರ ಬೆಳ್ಳಗೆ ಉಳಿಯುತ್ತದೆ. ಈಚೆಗೆ ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಕಲ್ಲಿನ ಉಬ್ಬುತಗ್ಗುಗಳನ್ನೆಲ್ಲ ಯಂತ್ರದ ಬೆಳಕಿನಿಂದ ಅಳೆದು, ಶಾಸನಗಳ ಮೂರು ಆಯಾಮದ ಪ್ರತಿಗಳನ್ನು ಸಿದ್ಧಪಡಿಸುವ ಕಾರ್ಯವನ್ನೂ ಕೈಗೊಂಡಿದ್ದಾರೆ.

ನಾಗತ್ತರನ ಕಥೆ ಅಲ್ಲಿಗೇ ಮುಗಿಯುವುದಿಲ್ಲ. ಗಂಗರಸ ಎರೆಯಪ್ಪನ ಅಪ್ಪಣೆಯಂತೆ ಅವನು ಅಯ್ಯಪದೇವನ ನೆರವಿಗೆ ಹೋಗಿ, ವೀರಮಹೇಂದ್ರನ ಸೈನ್ಯದೊಡನೆ ತುಂಬೆಪಾಡಿಯಲ್ಲಿ ಕಾದಿ, ಆನೆಗಳ ಮೇಲೆ ನುಗ್ಗಿ ಮಡಿದನು. ಅರಸನು ನಾಗತ್ತರನ ಪಟ್ಟವನ್ನೂ ಬೇಗೂರು ಮೊದಲಾದ ಹನ್ನೆರಡು ಹಳ್ಳಿಗಳನ್ನೂ ಇರುಗನಿಗೆ ಕೊಟ್ಟನು. ಇದನ್ನೆಲ್ಲ ಚಿತ್ರಿಸುವ ಬೇಗೂರಿನ ದೊಡ್ಡ ವೀರಗಲ್ಲನ್ನು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು.

ಆದರೆ ಎಲ್ಲ ವೀರಗಲ್ಲುಗಳೂ ಅಷ್ಟು ಭಾಗ್ಯಶಾಲಿಗಳಲ್ಲ. ದನಗಳನ್ನು ಕಳ್ಳರಿಂದ ಬಿಡಿಸಲು ಹೋಗಿ, ಊರನ್ನು ಕಾಯಲು ನಿಂತು, ಕಾಡುಮೃಗದೊಡನೆ ಹೋರಾಡಿ ಸತ್ತ ಸಾಮಾನ್ಯರ ನೆನಪಿಗೆ ನೆಟ್ಟ ಕಲ್ಲುಗಳು ನಮ್ಮ ನಾಡಿನ ತುಂಬ ಇವೆ. ಅವುಗಳ ರೀತಿ ಬಹುಮಟ್ಟಿಗೆ ಒಂದೇ. ಕೆಳಗಿನ ಪಟ್ಟಿಕೆಯಲ್ಲಿ ವೀರನ ಹೋರಾಟ. ನಡುವಿನ ಪಟ್ಟಿಕೆಯಲ್ಲಿ ಅಪ್ಸರೆಯರು ಅವನನ್ನು ಸ್ವರ್ಗಕ್ಕೆ ಕರೆದೊಯ್ಯುವ ನೋಟ. ಮೇಲಿನ ಪಟ್ಟಿಕೆಯಲ್ಲಿ ಅವನು ದೇವರ ಸನ್ನಿಧಿಯಲ್ಲಿ ಕುಳಿತಿರುವುದು. ತುದಿಯಲ್ಲಿ ಸೂರ್ಯಚಂದ್ರರು, ಅವರಿರುವವರೆಗೆ ಈ ಕೀರ್ತಿಯೂ ಇರಲಿ ಎಂಬ ಹಾರೈಕೆ.

ತಾತ ಈ ಮೂರು ಪಟ್ಟಿಕೆಗಳನ್ನು ಮೊಮ್ಮಗಳಿಗೆ ವಿವರಿಸುತ್ತ ಬಂದವರು ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿದರು. ಹಿಂದಿರುಗುವ ಬಸ್ಸಿನಲ್ಲಿಯೂ ಅವರು ಮಾತನಾಡಲಿಲ್ಲ. ಆಯಾಸವಾಗಿರಬೇಕೆಂದು ಹುಡುಗಿ ಸುಮ್ಮನಿದ್ದಳು. ಮನೆಯ ಹಿತ್ತಲಿನ ಬಾಗಿಲಲ್ಲಿ ಕಾಲು ತೊಳೆಯುವಾಗ ಅವರು ಬಾಯಿಬಿಟ್ಟರು.

“ಪುಟ್ಟಿ, ಈ ಒಗೆಯುವ ಕಲ್ಲು ಇದೆಯಲ್ಲ, ಇದರ ಅಡಿಯಲ್ಲಿ ಏನಿದೆ ಗೊತ್ತೆ?”

ನಲ್ಲಿಯ ಬಳಿ ಹಾಸಿದ್ದ ಅಗಲವಾದ ಕಲ್ಲನ್ನು ಅವರು ತೋರಿಸುತ್ತಿದ್ದರು. ಹುಡುಗಿ ಹುಟ್ಟಿದಾಗಿನಿಂದ ಅದನ್ನು ನೋಡುತ್ತಲೇ ಇದ್ದಳು. ಅದು ಹಿಂದೆ ಅವರ ಹೊಲದ ಬದುವಿನಲ್ಲಿ ನಿಂತಿದ್ದ ಕಲ್ಲು. ತಾತನ ತಾಯಿ ಹಬ್ಬದ ದಿನ ಅದಕ್ಕೆ ನೀರೆರೆದು, ಕುಂಕುಮವಿಟ್ಟು, ಒಂದು ಹೂವನ್ನಿಟ್ಟು ಬರುತ್ತಿದ್ದರು. ಹೊಲ ಬಡಾವಣೆಗೆ ಹೋಯಿತು. ರಸ್ತೆಗೆ ಗೂಟಗಳನ್ನು ನೆಟ್ಟರು. ನಾಳೆ ಯಂತ್ರ ಬಂದರೆ ಕಲ್ಲು ಜಲ್ಲಿಯಾಗುವುದೆಂದು ಹೆದರಿ, ತಾತ ಅದನ್ನು ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಮನೆಗೆ ತಂದರು. ಒಂದೆರಡು ವರ್ಷ ಅದು ಗೋಡೆಗೊರಗಿ ನಿಂತಿತ್ತು. ಮನೆಯಲ್ಲಿ ಬಟ್ಟೆ ಒಗೆಯಲು ಕಲ್ಲು ಬೇಕಾಯಿತು. ಹಿಂಬದಿ ಸಪಾಟಾಗಿತ್ತು. ಕೆತ್ತನೆಯ ಮುಖವನ್ನು ಕೆಳಗೆ ಮಾಡಿ ಮಲಗಿಸಿಬಿಟ್ಟರು.

“ಕಾಪಾಡಬೇಕೆಂದೇ ತಂದೆನಮ್ಮ. ತಂದವನೇ ಅದರ ಮುಖವನ್ನು ಮಣ್ಣಿಗೆ ಒತ್ತಿದೆ. ಒಂದು ದಿನ ಎತ್ತಿ ನಿಲ್ಲಿಸುತ್ತೇನೆ ಎಂದುಕೊಂಡೆ. ಆ ಒಂದು ದಿನ ಬರಲೇ ಇಲ್ಲ” ಎಂದರು ತಾತ. ಅವರ ಕಣ್ಣು ತೇವವಾಗಿದ್ದುವು.

ಪರಂಪರೆಯನ್ನು ಹಾಳುಮಾಡುವವರೆಲ್ಲ ಅದರ ಶತ್ರುಗಳೆಂದು ಭಾವಿಸುವುದು ಸರಿಯಲ್ಲ. ಬಹುಮಟ್ಟಿಗೆ ಅದು ಒಳ್ಳೆಯವರ ಮರೆವಿನಿಂದ ಹಾಳಾಗುತ್ತದೆ. ಶತ್ರುಗಳಿಂದ ಹಾಳಾದುದನ್ನು ಕಟ್ಟಿ ನಿಲ್ಲಿಸಿದ ಉದಾಹರಣೆಯೂ ಇದೆ. ಎರಡನೆಯ ಮಹಾಯುದ್ಧದಲ್ಲಿ ಪೋಲೆಂಡಿನ ರಾಜಧಾನಿ ವಾರ್ಸಾ ನಗರದ ಹಳೆಯ ಪೇಟೆ ನೆಲಸಮವಾಯಿತು. ಯುದ್ಧ ಮುಗಿದ ಮೇಲೆ ಆ ಜನರು ಹದಿನೆಂಟನೆಯ ಶತಮಾನದಲ್ಲಿ ಬೆಲ್ಲೊಟ್ಟೊ ಎಂಬ ಚಿತ್ರಕಾರ ಬರೆದಿದ್ದ ಬೀದಿಗಳ ಚಿತ್ರಗಳನ್ನೂ, ವಾಸ್ತುಶಿಲ್ಪದ ವಿದ್ಯಾರ್ಥಿಗಳು ಯುದ್ಧಕ್ಕೆ ಮುಂಚೆ ಅಳತೆ ಮಾಡಿ ಬರೆದಿಟ್ಟಿದ್ದ ನಕ್ಷೆಗಳನ್ನೂ ಮುಂದಿಟ್ಟುಕೊಂಡು ಹಳೆಯ ಪೇಟೆಯನ್ನು ಮತ್ತೆ ಕಟ್ಟಿದರು. ೧೯೮೦ರಲ್ಲಿ ಯುನೆಸ್ಕೊ ಅದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಬಾಂಬುಗಳು ಕೆಡವಿದ ಊರನ್ನು ನೆನಪು ಕಟ್ಟಿತು. ಆದರೆ ನೆನಪೇ ಹೋದರೆ ಕಟ್ಟುವವರು ಯಾರು? ಯಾವುದನ್ನು ನೋಡಿ ಕಟ್ಟುವರು? ನಮ್ಮ ಸಂವಿಧಾನಕ್ಕೆ ೧೯೭೬ರಲ್ಲಿ ಸೇರಿಸಿದ ಮೂಲಭೂತ ಕರ್ತವ್ಯಗಳಲ್ಲಿ, ನಾಡಿನ ಪರಂಪರೆಯನ್ನು ಗೌರವಿಸಿ ಕಾಪಾಡುವುದು ಪ್ರತಿಯೊಬ್ಬ ಪ್ರಜೆಯ ಹೊಣೆಯೆಂದು ಹೇಳಿರುವುದು ಇದೇ ಕಾರಣದಿಂದ.

ತಾತನ ಮಾತಿಗೆ ಅವಸರದ ಕಾರಣವೂ ಇತ್ತು. ಹಳೆಯ ಮನೆಯನ್ನು ಕೆಡವಿ ನಾಲ್ಕು ಅಂತಸ್ತಿನ ಮನೆಯನ್ನು ಕಟ್ಟಿಸಲು ಅವರ ಮಗ ಮುಂಗಡ ಕೊಟ್ಟಾಗಿತ್ತು. ಮುಂದಿನ ತಿಂಗಳು ಕೆಲಸದವರು ಬರುವವರಿದ್ದರು. ಹಳೆಯ ಇಟ್ಟಿಗೆ, ಹೆಂಚು, ಹಿತ್ತಲಿನ ಕಲ್ಲು ಎಲ್ಲವೂ ಒಂದೇ ಲಾರಿಯಲ್ಲಿ ಹೋಗಬೇಕಾಗಿತ್ತು. ಆ ರಾತ್ರಿ ಊಟಕ್ಕೆ ಕುಳಿತಾಗ ತಾತ ವಿಷಯವನ್ನೆತ್ತಿದರು.

“ಅಪ್ಪ, ಇರುವುದೇ ಮೂವತ್ತು ನಲವತ್ತರ ನಿವೇಶನ. ಕಾರು ನಿಲ್ಲಿಸಲು ಬಿಟ್ಟಿರುವ ಜಾಗವೇ ಸಾಲದು. ಕಲ್ಲನ್ನು ಎಲ್ಲಿಡಲಿ?” ಎಂದನು ಮಗ. ಅವನ ಮಾತು ಒರಟಾಗಿರಲಿಲ್ಲ, ಲೆಕ್ಕದ ಮಾತು. ಸಾಲ ಮಾಡಿ ಮನೆ ಕಟ್ಟಿಸುವವನಿಗೆ ಪ್ರತಿಯೊಂದು ಅಡಿಯೂ ಲೆಕ್ಕವೇ.

ಊರ ಗುಡಿಯ ಅಂಗಳದಲ್ಲಿ ಇಡಬಹುದೇ ಎಂದು ಕೇಳಿನೋಡಿದರು. ಮುಕ್ಕಾದ ಮೂರ್ತಿಯನ್ನು ಗುಡಿಯಲ್ಲಿಡಬಾರದೆಂದು ಅಲ್ಲಿಯ ಹಿರಿಯರು ಹಿಂಜರಿದರು. “ಅದು ದೇವರಲ್ಲ ಸ್ವಾಮಿ, ಮನುಷ್ಯ” ಎಂದು ತಾತ ಹೇಳಿದ್ದು ಪ್ರಯೋಜನಕ್ಕೆ ಬರಲಿಲ್ಲ.

“ಇಡುವ ಮಾತು ಆಮೇಲಾಗಲಿ, ಒಮ್ಮೆ ಎತ್ತಿ ನೋಡೋಣ ಅಪ್ಪ” ಎಂದಳು ಹುಡುಗಿ.

ಮುಂದಿನ ಭಾನುವಾರ ಬೆಳಿಗ್ಗೆ ನೆರೆಯ ನಾಲ್ವರು ಬಂದರು. ಹಾರೆ ಹಾಕಿ ಮೀಟಿದರು. ಕಲ್ಲು ಅಷ್ಟು ಸುಲಭವಾಗಿ ಏಳಲಿಲ್ಲ. ಕೊನೆಗೆ ಅದು ಮಗ್ಗುಲಾದಾಗ ಅಂಟಿಕೊಂಡಿದ್ದ ಕೆಸರನ್ನು ಹುಡುಗಿಯ ತಂದೆಯೇ ಕೊಡದಿಂದ ನೀರು ಸುರಿದು ತೊಳೆದನು. ಮೊದಲು ಕಂಡದ್ದು ಒಂದು ಪಾದ. ಅನಂತರ ಬಾಗಿದ ಮೊಣಕಾಲು, ಎಳೆದ ಬಿಲ್ಲು. ಅವನೆದುರು ಕತ್ತಿ ಹಿಡಿದ ಇಬ್ಬರು. ಹಿಂದೆ ಎರಡು ಹಸುಗಳು. ಮೇಲಿನ ಪಟ್ಟಿಕೆಯಲ್ಲಿ ಇಬ್ಬರು ಅಪ್ಸರೆಯರು ಅದೇ ಮನುಷ್ಯನನ್ನು ತೋಳು ಹಿಡಿದು ಎತ್ತಿಕೊಂಡು ಹೋಗುತ್ತಿದ್ದರು. ತುದಿಯ ಒಂದು ಮೂಲೆ ಮುರಿದು ಚಂದ್ರ ಹೋಗಿದ್ದನು, ಸೂರ್ಯ ಉಳಿದಿದ್ದನು. ಒಂದಕ್ಷರವೂ ಇರಲಿಲ್ಲ. ಅವನ ಹೆಸರೇನು, ಯಾವ ಅರಸನ ಕಾಲದವನು, ತಿಳಿಯುವಂತಿರಲಿಲ್ಲ. ತಿಳಿದದ್ದಿಷ್ಟೇ: ತಾವರೆಕೆರೆಯ ಬಯಲಿನಲ್ಲಿ ಎಂದೋ ಒಂದು ದಿನ ಒಬ್ಬನು ಊರಿನ ದನಗಳಿಗಾಗಿ ನಿಂತನು, ಹಿಂದಿರುಗಿ ಬರಲಿಲ್ಲ, ಊರು ಅವನನ್ನು ಮರೆಯಲಿಲ್ಲ.

ಮಣ್ಣಿನಲ್ಲಿ ಮುಖವಿಟ್ಟು ಮಲಗಿದ್ದುದರಿಂದಲೇ ಕೆತ್ತನೆ ಮಳೆಬಿಸಿಲುಗಳಿಗೆ ಸಿಕ್ಕದೆ ಉಳಿದಿತ್ತು. ತಾತನ ತಪ್ಪು ಅಷ್ಟರಮಟ್ಟಿಗೆ ಅವರಿಗೆ ಒಳ್ಳೆಯದನ್ನೇ ಮಾಡಿತ್ತು. ಹುಡುಗಿಯ ತಂದೆ ಕೊಡವನ್ನು ಕೆಳಗಿಟ್ಟು ಬಹಳ ಹೊತ್ತು ನೋಡುತ್ತ ನಿಂತನು. ಆಮೇಲೆ ಅಳತೆಯ ಪಟ್ಟಿಯನ್ನು ತಂದು ಗೇಟಿನ ಬಲಗಡೆ ನೆಲವನ್ನು ಅಳೆದನು.

“ಕಾರನ್ನು ಒಂದೂವರೆ ಅಡಿ ಈಚೆಗೆ ತಂದರೆ ಇಲ್ಲಿ ನಿಲ್ಲಿಸಬಹುದು. ಕಾಂಪೌಂಡ್ ಗೋಡೆಗೆ ಸೇರಿಸಿ ಗಾರೆ ಮಾಡಿಸಿಬಿಡೋಣ” ಎಂದನು.

“ಗೋಡೆಗೆ ಸೇರಿಸಬೇಡಿ ಅಪ್ಪ” ಎಂದಳು ಹುಡುಗಿ. “ಹಿಂಬದಿಯೂ ಕಾಣಬೇಕು.”

ಎಲ್ಲರೂ ಹಿಂಬದಿಯನ್ನು ನೋಡಿದರು. ಅಲ್ಲಿ ಯಾವ ಶಿಲ್ಪವೂ ಇರಲಿಲ್ಲ. ಕಲ್ಲಿನ ನಡುವೆ, ಎರಡು ಕೈಗಳು ಬಟ್ಟೆಯನ್ನು ಎತ್ತಿ ಬಡಿದು ತಿಕ್ಕುವ ಕಡೆ, ಅಂಗೈ ಇಟ್ಟರೆ ಜಾರುವಷ್ಟು ನುಣುಪಾದ ಒಂದು ಸಣ್ಣ ತಗ್ಗು. ಮೂವತ್ತು ವರ್ಷಗಳ ಕಾಲ ದಿನವೂ ನಸುಕಿನಲ್ಲಿ ಆ ಕಲ್ಲಿನ ಮುಂದೆ ನಿಂತವರು ಹುಡುಗಿಯ ಅಜ್ಜಿ. ಮನೆಮಂದಿಯ ಬಟ್ಟೆಗಳೆಲ್ಲ ಅವರ ಕೈಯಿಂದಲೇ ಮಡಿಯಾಗಿದ್ದುವು. ಅವರು ತೀರಿಕೊಂಡು ಐದು ವರ್ಷಗಳಾಗಿದ್ದವು. ಆ ದುಡಿಮೆಯನ್ನು ಯಾರೂ ಯಾವ ಕಲ್ಲಿನ ಮೇಲೆಯೂ ಕೆತ್ತಿಸಿರಲಿಲ್ಲ. ಅದು ತಾನಾಗಿಯೇ ಕೆತ್ತಿಕೊಂಡಿತ್ತು.

ತಾತ ಬಗ್ಗಿ ಆ ತಗ್ಗಿನ ಮೇಲೆ ಕೈಯಿಟ್ಟರು. ಏನೂ ಹೇಳಲಿಲ್ಲ.

ಈಗ ಆ ಬೀದಿಯಲ್ಲಿ ನಾಲ್ಕು ಅಂತಸ್ತಿನ ಹೊಸ ಮನೆಯೊಂದಿದೆ. ಗೇಟಿನ ಬಲಗಡೆ, ಗೋಡೆಯಿಂದ ಒಂದು ಮೊಳ ಈಚೆಗೆ, ಆಳವಾದ ಬುನಾದಿಯ ಮೇಲೆ ಕಲ್ಲು ನಿಂತಿದೆ. ಬೀದಿಯಲ್ಲಿ ಹೋಗುವವರಿಗೆ ವೀರನ ಮುಖ ಕಾಣುತ್ತದೆ. ಮನೆಯೊಳಗಿನಿಂದ ಹೊರಡುವವರಿಗೆ ಅಜ್ಜಿಯ ಮುಖ ಕಾಣುತ್ತದೆ. ಕಾರನ್ನು ನಿಲ್ಲಿಸುವಾಗ ಹುಡುಗಿಯ ತಂದೆ ಎರಡು ಸಲ ಹಿಂದೆಮುಂದೆ ಮಾಡಬೇಕಾಗುತ್ತದೆ. ಹಬ್ಬದ ದಿನ ಯಾರೋ ಅಲ್ಲಿ ಒಂದು ಹೂವನ್ನಿಟ್ಟು ಹೋಗುತ್ತಾರೆ.

ಹುಡುಗಿಯ ಪ್ರಬಂಧ ಶಾಲೆಗೆ ಎರಡು ವಾರ ತಡವಾಗಿ ಹೋಯಿತು. ಭೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹೆಸರುಗಳನ್ನು ಅವಳು ಮೊದಲ ಸಾಲಿನಲ್ಲಿ ಪೂರ್ತಿಯಾಗಿ, ಕನ್ನಡದಲ್ಲಿ ಬರೆದಿದ್ದಳು.